2 ಕೆಬಿಯೊಳಗೆ ಒಂದು ಆಟ

ಈಗ ಸ್ಕ್ರೀನ್ ಮೇಲೆ ಓಡಾಡ್ತಿದ್ದಾನಲ್ಲ ಹುಡುಗ, ಇವನು ನಾನೇ ಬರೀತಿರೋ ಆಟದ ಹೀರೋ. ನಾಲ್ಕು ಮರ, ಒಂದಿಷ್ಟು ನಾಣ್ಯ, ಅಡ್ಡ ಬರೋಕೆ ಕೆಲವು ಏಡಿ. ನೋಡೋಕೆ ಅಷ್ಟೇ. ಆದ್ರೆ ಕೋಡ್ ಬರೆದಿರೋದು ಹಳೇ ವಿಡಿಯೋ ಗೇಮ್ ಮೆಷಿನ್ ಆದ ನಿಂಟೆಂಡೋ ಎನ್‌ಇಎಸ್‌ಗೆ. ಜಪಾನಲ್ಲಿ 1983ರಲ್ಲಿ ಫ್ಯಾಮಿಕಾಂ ಅಂತ ಬಂತಲ್ಲ, ಅದೇ ಮೆಷಿನ್. ನಮ್ಮ ಕಡೆ ತೊಂಬತ್ತರ ದಶಕದಲ್ಲಿ ಕ್ಯಾಸೆಟ್ ಹಾಕಿ ಆಡ್ತಿದ್ದ ಟಿವಿ ಗೇಮ್‌ಗಳಲ್ಲಿ ತುಂಬಾ ಇದರ ನಕಲುಗಳೇ.

ಇದರ ರ‍್ಯಾಮ್ (ಆಟ ನಡೀವಾಗ ನೆನಪಿಡೋ ಜಾಗ) ಎಷ್ಟು ಗೊತ್ತಾ? 2 ಕೆಬಿ. ಎಂಬಿ ಅಲ್ಲ, ಕೆಬಿ. 2,048 ಬೈಟ್. ಯೂನಿಕೋಡ್ ಕನ್ನಡ ಪಠ್ಯ ಸೇವ್ ಮಾಡಿದ್ರೆ ಒಂದೊಂದು ಚಿಹ್ನೆಗೂ ಸಾಮಾನ್ಯವಾಗಿ ಮೂರು ಬೈಟ್ ಹೋಗುತ್ತೆ. ಹಾಗಾಗಿ ನಾನು ಈಗ ಓದ್ತಿರೋ ಈ ಸ್ಕ್ರಿಪ್ಟನ್ನೇ ಅದರಲ್ಲಿ ಇಡೋಕೆ ಹೋದ್ರೆ ಮೂರನೇ ಪ್ಯಾರಾ ಮುಗಿಯೋದ್ರೊಳಗೆ ಜಾಗ ಖಾಲಿ.

ಅದೂ ಪೂರ್ತಿ ನಮ್ಮ ಕೈಗೆ ಸಿಗಲ್ಲ. 256 ಬೈಟ್ ಸ್ಟ್ಯಾಕ್‌ಗೆ, ಅಂದ್ರೆ ಒಂದು ಕೆಲಸ ಮುಗಿಸಿ ಎಲ್ಲಿಗೆ ವಾಪಸ್ ಬರಬೇಕು ಅಂತ ಪ್ರೊಸೆಸರ್ ಗುರುತಿಟ್ಕೊಳ್ಳೋ ಜಾಗಕ್ಕೆ. ಇನ್ನೊಂದು 256 ಸ್ಪ್ರೈಟ್‌ಗಳಿಗೆ, ಅಂದ್ರೆ ಸ್ಕ್ರೀನ್ ಮೇಲೆ ಓಡಾಡೋ ಚಿತ್ರಗಳಿಗೆ: 64 ಸ್ಪ್ರೈಟ್, ಒಂದೊಂದಕ್ಕೆ ನಾಲ್ಕು ಬೈಟ್. ಉಳಿದದ್ದು 1,536. ಅದರಲ್ಲೂ ಶುರುವಿನ 256 ಬೈಟಿಗೆ ಝೀರೋ ಪೇಜ್ ಅಂತಾರೆ. ಪ್ರೊಸೆಸರ್ ಅಲ್ಲಿಗೆ ಬೇಗ ಮುಟ್ಟುತ್ತೆ, ಕೋಡೂ ಚಿಕ್ಕದಾಗುತ್ತೆ. ಹಾಗಾಗಿ ಅದು ಎಂಜಿ ರೋಡ್ ಸೈಟ್ ಇದ್ದ ಹಾಗೆ, ಎಲ್ಲಾ ವೇರಿಯಬಲ್‌ಗೂ ಅಲ್ಲೇ ಬೇಕು.

ನಾಣ್ಯದ ಕಥೆ ಹೇಳ್ತೀನಿ ಕೇಳಿ, ನಂಗೆ ಇದರಲ್ಲಿ ತುಂಬಾ ಮಜಾ ಕೊಟ್ಟಿದ್ದು ಅದೇ. ಹುಡುಗ ಒಂದು ನಾಣ್ಯ ಎತ್ಕೊಂಡು ಮುಂದೆ ಹೋಗಿ ವಾಪಸ್ ಬಂದ್ರೆ ಆ ನಾಣ್ಯ ಅಲ್ಲಿ ಇರಬಾರದು. ಅಂದ್ರೆ ಎತ್ಕೊಂಡಿದ್ದನ್ನ ಎಲ್ಲೋ ನೆನಪಿಡಬೇಕು. ಒಂದು ಸ್ಕ್ರೀನನ್ನ 16 ಪಿಕ್ಸೆಲ್‌ನ ಚೌಕ ಮಾಡಿದ್ರೆ ಅಡ್ಡಕ್ಕೆ 16, ಉದ್ದಕ್ಕೆ 15, ಒಟ್ಟು 240 ಮನೆ. ಮನೆಗೊಂದು ಬೈಟ್ ಇಟ್ರೆ ಹತ್ತು ಸ್ಕ್ರೀನಿನ ಲೆವೆಲ್‌ಗೆ 2,400. ಮೆಷಿನ್ನಿನ ಪೂರ್ತಿ ರ‍್ಯಾಮ್‌ಗಿಂತ ಜಾಸ್ತಿ! ಸರಿ, ಇದೆಯೋ ಇಲ್ವೋ ಅಂತ ಹೇಳೋಕೆ ಒಂದು ಬಿಟ್ ಸಾಕಲ್ಲ, ಎಂಟು ಮನೆ ಸೇರಿ ಒಂದು ಬೈಟ್. ಆಗ 300ಕ್ಕೆ ಇಳಿಯುತ್ತೆ. ಇದೂ ದುಬಾರಿನೇ.

ಆದ್ರೆ ಖಾಲಿ ಆಕಾಶಕ್ಕೆಲ್ಲ ಯಾಕ್ರೀ ಬಿಟ್ ಕೊಡಬೇಕು? ಒಂದು ಸ್ಕ್ರೀನಿಗೆ ಹದಿನಾರು ನಾಣ್ಯ ಮೀರಬಾರದು ಅಂತ ನಾನೇ ಒಂದು ಕಾನೂನು ಮಾಡ್ಕೊಂಡೆ. ಮ್ಯಾಪ್ ಹೇಗೂ ಕ್ಯಾಸೆಟ್ಟಿನ ರೋಮ್‌ನಲ್ಲಿರುತ್ತೆ (ಓದೋಕೆ ಮಾತ್ರ ಆಗೋ ಮೆಮೊರಿ), ಅಲ್ಲೇ ನಾಣ್ಯಕ್ಕೊಂದು ನಂಬರ್. ಸ್ಕ್ರೀನಿಗೆ ಎರಡು ಬೈಟ್, ಹತ್ತು ಸ್ಕ್ರೀನಿಗೆ ಇಪ್ಪತ್ತು. ಯಾವ ಬಿಟ್ ಅಂತ ಹುಡುಕೋಕೆ 1, 2, 4, 8ರಿಂದ 128ರವರೆಗೆ ಎಂಟು ಅಂಕಿಯ ಒಂದು ಟೇಬಲ್, ಅದೂ ರೋಮ್‌ನಲ್ಲೇ. 2,400 ಇದ್ದದ್ದು 20ಕ್ಕೆ ಬಂತು, ಆಡೋರಿಗೆ ಒಂಚೂರೂ ಗೊತ್ತಾಗಲ್ಲ.

ಕ್ಯಾಸೆಟ್ಟಿನೊಳಗೇ ಇನ್ನೂ 8 ಕೆಬಿ ರ‍್ಯಾಮ್ ಕೂರಿಸಬಹುದು, ಜೆಲ್ಡಾ ಕ್ಯಾಸೆಟ್ಟಲ್ಲಿ ಆಟ ಸೇವ್ ಆಗ್ತಿದ್ದದ್ದು ಹಾಗೇನೇ, ಬ್ಯಾಟರಿ ಇಟ್ಟು. ನಂಗೆ ಬೇಡ. ಹಠ ಅನ್ನಿ ಬೇಕಾದ್ರೆ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇದ್ದದ್ದು ಒಟ್ಟು 40 ಕೆಬಿ ಕ್ಯಾಸೆಟ್ಟಲ್ಲಿ: ಪ್ರೋಗ್ರಾಮಿಗೆ 32, ಚಿತ್ರಕ್ಕೆ 8. ಅದರಲ್ಲಿ ಮೋಡಕ್ಕೆ ಹಸಿರು ಬಣ್ಣ ಹಚ್ಚಿದ್ರೆ ಅದೇ ಪೊದೆ. 2019ರಲ್ಲಿ ಬಂದ ಮೈಕ್ರೋ ಮೇಜಸ್ ಅನ್ನೋ ಹೋಮ್‌ಬ್ರೂ (ಈ ಹಳೇ ಮೆಷಿನ್‌ಗೆ ಈಗಿನವರು ತಾವೇ ಮಾಡಿದ) ಆಟಾನೂ 40 ಕೆಬಿಯಲ್ಲೇ ನಾಲ್ಕು ಜನರನ್ನ ಒಟ್ಟಿಗೆ ಆಡಿಸುತ್ತೆ.

ಈ ಚಿತ್ರದ 8 ಕೆಬಿ ಇದೆಯಲ್ಲ, ನಿಜವಾಗ್ಲೂ ಬೆವರು ಇಳಿಸಿದ್ದು ಅದು. ಕಾರಣ, ನಂಗೆ ಆಟ ಕನ್ನಡದಲ್ಲೇ ಬೇಕು. ಹಿನ್ನೆಲೆಗೆ ಸಿಗೋದು 256 ಟೈಲ್, ಒಂದೊಂದೂ ಎಂಟಕ್ಕೆ ಎಂಟು ಪಿಕ್ಸೆಲ್. ಇಂಗ್ಲಿಷ್ ಅಕ್ಷರ, ಅಂಕಿ ಎಲ್ಲಾ ಸೇರಿ 36 ಟೈಲ್‌ಗೆ ಮುಗೀತು. ಕನ್ನಡದಲ್ಲಿ ಎಂಟು ಪಿಕ್ಸೆಲ್‌ನಲ್ಲಿ 'ಟ' ಹೇಗೋ ಬರೀಬಹುದು, 'ಯಿ' ಬರೆದ್ರೆ ದೇವರಿಗೇ ಪ್ರೀತಿ. ಹಾಗಾಗಿ ಅಕ್ಷರಕ್ಕೆ ನಾಲ್ಕು ಟೈಲ್. ಪೂರ್ತಿ ಕಾಗುಣಿತ ಇಡೋ ಮಾತೇ ಇಲ್ಲ, ಒತ್ತಕ್ಷರ ಬಿಟ್ಟೇಬಿಡಿ.

ಅದಕ್ಕೇ ಫಾಂಟ್ ಅನ್ನೋ ಯೋಚನೆನೇ ಬಿಟ್ಟು, ಬೇಕಾದ ಪದಗಳನ್ನ ಚಿತ್ರ ಅಂತ ಬಿಡಿಸ್ತಿದೀನಿ. 'ಆಟ ಮುಗಿಯಿತು', ಆರು ಅಕ್ಷರ, 24 ಟೈಲ್. ಈಗ ಜೂಮ್ ಮಾಡ್ತೀನಿ ನೋಡಿ. 'ಮು'ಗೂ 'ತು'ಗೂ ಕೊಂಬು ಇದೆಯಲ್ಲ, ಎರಡನ್ನೂ ಪಿಕ್ಸೆಲ್ ಬಿಡದೆ ಒಂದೇ ಥರ ಬಿಡಿಸಿದೆ, ಒಂದು ಟೈಲ್ ಉಳೀತು. 'ಗಿ', 'ಯಿ' ಗುಡಿಸಿನಲ್ಲಿ ಇನ್ನೊಂದು. 'ಸ್ಕೋರ್' ಕಿತ್ತು 'ಅಂಕ' ಹಾಕಿದೆ, ಅದರ ಸೊನ್ನೆಗೆ ಅಂಕಿ ಸೊನ್ನೆಯ ಟೈಲೇ ಆಯ್ತು.

ಇಷ್ಟಾದ್ರೂ ಸಾಲದೆ, ಏಡಿಗಳು ಓಡಾಡೋ ಹಿನ್ನೆಲೆಯಲ್ಲಿ ಒಂದು ಮರ ಕಡಿದೆ. ಮೂರು ಥರದ ಮರ ಇತ್ತು, ಈಗ ಎರಡೇ. ಇನ್ನು ಸೌಂಡ್ ಸೇರಿಸಬೇಕು, ಅದಕ್ಕೂ ರ‍್ಯಾಮ್ ಬೇಕು, ಎಲ್ಲಿಂದ ತರ್ತೀನಿ ಅಂತ ಮುಂದಿನ ವಿಡಿಯೋದಲ್ಲಿ ತೋರಿಸ್ತೀನಿ. ಸಿಗೋಣ.