ರಾಕೆಟ್ ನೋಡಲು ಹೋಗ್ತೀರಾ? ವಾಪಸ್ ಟಿಕೆಟ್ ಅದೇ ರಾತ್ರಿಗೆ ಬೇಡ

ಕಲಬುರಗಿಯಿಂದ ಶ್ರೀಹರಿಕೋಟಾಗೆ ಹೋಗಿ ರಾಕೆಟ್ ಹಾರುವುದನ್ನು ಕಣ್ಣಾರೆ ನೋಡಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ವಾಪಸ್ ಟಿಕೆಟ್ ಅದೇ ರಾತ್ರಿಗೆ ತೆಗೆಸಬೇಡಿ. ಎರಡು ದಿನ ಬಿಟ್ಟು ತೆಗೆಸಿ. ಅಷ್ಟು ರಜೆ ಸಿಗಲ್ಲ ಅಂದರೆ ಈ ಸಲದ್ದು ಬಿಡಿ, ಮುಂದಿನ ಉಡಾವಣೆಗೆ ಹೋಗಿ.

ನಮ್ಮ ಓಣಿಯ ಒಂದು ಕುಟುಂಬ 2024ರ ಡಿಸೆಂಬರ್‌ನಲ್ಲಿ ಯುರೋಪಿನ ಪ್ರೋಬಾ-3 ಉಪಗ್ರಹಗಳ ಉಡಾವಣೆ ನೋಡಲು ಹೋಗಿತ್ತು. ಡಿಸೆಂಬರ್ 4ರ ಸಂಜೆ 4 ಗಂಟೆ 8 ನಿಮಿಷಕ್ಕೆ ಅವನ್ನು ಹೊತ್ತ ಇಸ್ರೋ ರಾಕೆಟ್ ಪಿಎಸ್‌ಎಲ್‌ವಿ ಹಾರಬೇಕಿತ್ತು. ಉಪಗ್ರಹದಲ್ಲಿ ಒಂದು ತೊಂದರೆ ಕಂಡಿತು, ಮರುದಿನಕ್ಕೆ ಮುಂದೂಡಿದರು. ಇವರ ಟಿಕೆಟ್ ಅದೇ ರಾತ್ರಿಯದು. ಬ್ಯಾಗ್ ಹೊತ್ತು ರೈಲು ಹತ್ತಿದರು. 5ನೇ ತಾರೀಖು 4 ಗಂಟೆ 4 ನಿಮಿಷಕ್ಕೆ ರಾಕೆಟ್ ಚೆಂದವಾಗಿ ಹಾರಿತು. ಆಗ ಇವರು ಮನೆಯಲ್ಲಿ ಟಿವಿ ಮುಂದೆ ಕೂತಿದ್ದರು. ಆರನೇ ಕ್ಲಾಸಿನ ಹುಡುಗ ಟಿವಿ ಕಡೆ ನೋಡಲೇ ಇಲ್ಲ, ಒಳಗೆ ಹೋಗಿ ಮಲಗಿಬಿಟ್ಟ. ಒಂದೇ ಒಂದು ದಿನ ಕೈಯಲ್ಲಿದ್ದಿದ್ದರೆ ಸಾಕಿತ್ತು, ಅಲ್ವಾ?

ಚೆನ್ನೈನವರಿಗೆ ಶ್ರೀಹರಿಕೋಟಾ ಬೆಳಿಗ್ಗೆ ಹೋಗಿ ಸಂಜೆ ಬರುವ ಊರು. ಉಡಾವಣೆ ಮುಂದಕ್ಕೆ ಹೋದರೆ ಮನೆಗೆ ಬಂದು ಉಂಡು ಮಲಗಿ, ಮರುದಿನ ಮತ್ತೆ ಹೋಗ್ತಾರೆ. ನಮಗೆ ಹಾಗಲ್ಲ. ರಾತ್ರಿ ಇಡೀ ರೈಲು, ಆಮೇಲೆ ಬಸ್ಸು, ಆಫೀಸಿನಲ್ಲಿ ರಜೆ, ಮಕ್ಕಳ ಶಾಲೆ, ಮನೆಯಲ್ಲಿ ವಯಸ್ಸಾದವರು. ಇಷ್ಟೆಲ್ಲ ಹೊಂದಿಸಿಕೊಂಡು ಹೊರಟವರು ಒಂದೇ ಒಂದು ದಿನವನ್ನು ನಂಬಿಕೊಳ್ಳಬಾರದು. ದೂರದವರಿಗೇ ಹೆಚ್ಚು ದಿನ ಬೇಕು. ಆದರೆ ನಮ್ಮಲ್ಲಿ ದೂರ ಹೆಚ್ಚಾದಷ್ಟೂ ಖರ್ಚಿನ ಭಯಕ್ಕೆ ದಿನ ಕಡಿಮೆ ಮಾಡುತ್ತೇವೆ.

ಉಡಾವಣೆ ಮುಂದಕ್ಕೆ ಹೋಗುವುದು ಅಪರೂಪದ ಸಂಗತಿ ಅಲ್ಲ. ಚಂದ್ರಯಾನ-2 ನೆನಪಿಸಿಕೊಳ್ಳಿ. 2019ರ ಜುಲೈ 15, ಬೆಳಗಿನ ಜಾವ 2 ಗಂಟೆ 51 ನಿಮಿಷಕ್ಕೆ ಹಾರಬೇಕು. ಆಗ ರಾಷ್ಟ್ರಪತಿ ಆಗಿದ್ದ ರಾಮನಾಥ್ ಕೋವಿಂದ್ ಅವರೇ ಬಂದಿದ್ದರು. ಇನ್ನು 56 ನಿಮಿಷ 24 ಸೆಕೆಂಡ್ ಇದೆ ಅನ್ನುವಾಗ ಕೌಂಟ್‌ಡೌನ್ ನಿಂತಿತು. ತಾಂತ್ರಿಕ ತೊಂದರೆ. ಆ ರಾತ್ರಿ ರಾಷ್ಟ್ರಪತಿಯೂ ಉಡಾವಣೆ ನೋಡದೆ ವಾಪಸ್ ಹೋದರು. ಒಂದು ವಾರದ ನಂತರ, ಜುಲೈ 22ರ ಮಧ್ಯಾಹ್ನ 2 ಗಂಟೆ 43 ನಿಮಿಷಕ್ಕೆ ಅದು ಹಾರಿತು.

ಇನ್ನೊಂದು ಇದಕ್ಕಿಂತ ಎದೆ ಝಲ್ ಅನ್ನಿಸುವಂಥದ್ದು. 2023ರ ಅಕ್ಟೋಬರ್ 21, ಗಗನಯಾನದ ಮೊದಲ ಪರೀಕ್ಷಾ ಹಾರಾಟ. 5 ಸೆಕೆಂಡ್ ಇರುವಾಗ ಕಂಪ್ಯೂಟರ್ ತಾನಾಗಿಯೇ ಎಲ್ಲವನ್ನೂ ತಡೆಹಿಡಿಯಿತು. ನೋಡುತ್ತಿದ್ದವರೆಲ್ಲ ಇವತ್ತಿನದು ಮುಗೀತು ಅಂದುಕೊಂಡರು. ಇಸ್ರೋದವರು ಕಾರಣ ಹುಡುಕಿ, ಸರಿಪಡಿಸಿ, ಅದೇ ಬೆಳಿಗ್ಗೆ 10 ಗಂಟೆಗೆ ಹಾರಿಸಿಬಿಟ್ಟರು. ಎದ್ದು ಹೋದವರು ಕಳೆದುಕೊಂಡರು, ಕೂತವರಿಗೆ ಸಿಕ್ಕಿತು.

ಹೀಗೆ ನಿಂತಾಗ ನಮ್ಮ ಜನ "ಫೇಲ್ ಆಯ್ತು" ಅಂತಾರೆ. ನನಗೆ ಬೇಸರ ಆಗುವುದು ಇಲ್ಲೇ. ಅದು ಫೇಲ್ ಅಲ್ಲ. ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲೂ, ಎಲ್‌ವಿಎಂ-3 ರಾಕೆಟ್ಟಿನ ಎರಡು ಪಕ್ಕದ ಬೂಸ್ಟರ್‌ಗಳಲ್ಲೂ ಇರುವುದು ಘನ ಇಂಧನ. ಅದು ಒಮ್ಮೆ ಹೊತ್ತಿಕೊಂಡರೆ ಮುಗಿಯಿತು, ಆರಿಸಲು ಬರುವುದಿಲ್ಲ. ಬ್ರೇಕ್ ಅನ್ನುವುದೇ ಇಲ್ಲ. ಹಾಗಾಗಿ ಅನುಮಾನ ಇದ್ದರೆ ನಿಲ್ಲಿಸಬೇಕಾದದ್ದು ಹೊತ್ತಿಸುವ ಮೊದಲೇ. ಸಾವಿರಾರು ಜನ ಎದುರಿಗೆ ಕಾಯುತ್ತಾ ಕೂತಿರುವಾಗ, ದೇಶವೆಲ್ಲ ಟಿವಿಯಲ್ಲಿ ನೋಡುತ್ತಿರುವಾಗ, "ಬೇಡ, ಇವತ್ತು ಬೇಡ" ಅನ್ನಲು ಎಷ್ಟು ಗಟ್ಟಿ ಮನಸ್ಸು ಬೇಕು ಯೋಚಿಸಿ. ಮಕ್ಕಳಿಗೆ ಹಾರಿದ ರಾಕೆಟ್ ತೋರಿಸುವಷ್ಟೇ ಮುಖ್ಯ, ತಡೆದ ರಾಕೆಟ್ ಯಾಕೆ ತಡೆದರು ಅಂತ ಹೇಳುವುದು.

ಸರಿ, ಹೋಗುವುದು ಹೇಗೆ? ಹೆಚ್ಚಿನವರು ಚೆನ್ನೈಗೆ ಹೋಗಿ ಅಲ್ಲಿಂದ ಮತ್ತೆ ಉತ್ತರಕ್ಕೆ ಬರುತ್ತಾರೆ. ನನ್ನ ಸಲಹೆ ರೇಣಿಗುಂಟ. ಮುಂಬೈ–ಚೆನ್ನೈ ರೈಲು ಮಾರ್ಗ ನಮ್ಮ ಮನೆ ಬಾಗಿಲಲ್ಲೇ ಇದೆ. ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿ, ರಾಯಚೂರು, ಗುಂತಕಲ್, ಕಡಪ ದಾಟಿದರೆ ರೇಣಿಗುಂಟ. 1871ರಲ್ಲಿ ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದ ದಿನದಿಂದ ಈ ದಾರಿ ನಮ್ಮದೇ. ತಿರುಪತಿಗೆ ಹೋಗುವವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ರೇಣಿಗುಂಟದಲ್ಲಿ ಇಳಿದು ಶ್ರೀಕಾಳಹಸ್ತಿ, ನಾಯುಡುಪೇಟೆ ಮೇಲೆ ಸುಳ್ಳೂರುಪೇಟೆ ಸೇರಬಹುದು. ಅಲ್ಲಿಂದ ಪುಲಿಕಾಟ್ ಸರೋವರದ ನಡುವಿನ ರಸ್ತೆಯಲ್ಲಿ ಸಾಗಿದರೆ ಶ್ರೀಹರಿಕೋಟಾ ದ್ವೀಪ. ಬೀದರ್‌ನವರಿಗೆ ಹೈದರಾಬಾದ್ ಹತ್ತಿರ. ಅಲ್ಲಿಂದ ಗೂಡೂರು ಮೇಲೆ ಚೆನ್ನೈಗೆ ಹೋಗುವ ರೈಲು ಹಿಡಿದರೆ ಸುಳ್ಳೂರುಪೇಟೆ ದಾರಿಯಲ್ಲೇ ಬರುತ್ತದೆ.

ರೇಣಿಗುಂಟ ಯಾಕೆ ಅಂದರೆ, ಉಡಾವಣೆ ಮುಂದಕ್ಕೆ ಹೋದರೂ ನೀವು ಸುಮ್ನೆ ಕೂರಬೇಕಾಗಿಲ್ಲ. ಸುಳ್ಳೂರುಪೇಟೆ ಸಣ್ಣ ಊರು, ಉಡಾವಣೆ ಇದ್ದಾಗ ರೂಮು ಸಿಗುವುದು ಕಷ್ಟ. ತಿರುಪತಿಯಲ್ಲಿ ಆ ತೊಂದರೆ ಕಡಿಮೆ, ದೂರವೂ ನೂರು ಕಿಲೋಮೀಟರ್ ಒಳಗೇ. ಮನೆಯಲ್ಲಿ ಅಜ್ಜಿ ಬರ್ತೀನಿ ಅಂದರೆ ಕರೆದುಕೊಂಡೇ ಹೋಗಿ. ತಿಮ್ಮಪ್ಪನ ದರ್ಶನ ಆಗುತ್ತೆ, ಶ್ರೀಕಾಳಹಸ್ತಿಯಲ್ಲಿ ಬೇಡರ ಕಣ್ಣಪ್ಪನ ಕಥೆ ಮೊಮ್ಮಕ್ಕಳಿಗೆ ಹೇಳಿದಂತೆಯೂ ಆಗುತ್ತೆ. ಉಡಾವಣೆಗೆ ಮುಂಚೆ ಇಸ್ರೋ ಅಧ್ಯಕ್ಷರೂ ತಿರುಪತಿಗೆ, ಸುಳ್ಳೂರುಪೇಟೆಯ ಚೆಂಗಾಳಮ್ಮ ಗುಡಿಗೆ ಹೋಗುವ ರೂಢಿ ಇದೆ.

ಚಳಿಗಾಲದಲ್ಲಿ ಹೋದರಂತೂ ಪುಲಿಕಾಟ್ ಸರೋವರವೇ ಒಂದು ದಿನಕ್ಕೆ ಸಾಕು. ನೀರಿನಲ್ಲಿ ರಾಜಹಂಸಗಳ ಹಿಂಡು ನಿಂತಿರುತ್ತದೆ, ದೂರದಿಂದ ಗುಲಾಬಿ ಬಣ್ಣದ ಗೆರೆ ಎಳೆದಂತೆ. ಹತ್ತಿರದ ನೇಲಪಟ್ಟು ಪಕ್ಷಿಧಾಮದಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಒಂದು ಎಚ್ಚರ ಮಾತ್ರ: ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಕರಾವಳಿಗೆ ಹಿಂಗಾರು ಮಳೆ, ಚಂಡಮಾರುತದ ಕಾಟ. ಆಗ ದಿನಾಂಕ ಬದಲಾಗಲು ಇನ್ನೂ ಒಂದು ಕಾರಣ ಇರುತ್ತದೆ.

ಪಾಸ್ ವಿಷಯ ಬೇಗ ಹೇಳಿಬಿಡುತ್ತೇನೆ. 2019ರಿಂದ ಶ್ರೀಹರಿಕೋಟಾದಲ್ಲಿ ಜನರಿಗಾಗಿಯೇ ಗ್ಯಾಲರಿ ಇದೆ. ಆ ವರ್ಷ ಏಪ್ರಿಲ್ 1ರಂದು ಪಿಎಸ್‌ಎಲ್‌ವಿ-ಸಿ45 ಹಾರಿದಾಗ ಮೊದಲ ಸಲ ಜನ ಅಲ್ಲಿ ಕೂತು ನೋಡಿದರು. ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು, ಹಣ ಇಲ್ಲ, ಫೋಟೋ ಇರುವ ಗುರುತಿನ ಚೀಟಿ ಬೇಕೇ ಬೇಕು. ಉಡಾವಣೆಗೆ ಕೆಲವೇ ದಿನ ಇರುವಾಗ ನೋಂದಣಿ ತೆರೆಯುತ್ತದೆ, ಜಾಗ ಬೇಗ ತುಂಬುತ್ತದೆ. ಎಲ್ಲ ಉಡಾವಣೆಗೂ ಜನರನ್ನು ಬಿಡುವುದಿಲ್ಲ, ಅದನ್ನೂ ಮೊದಲೇ ನೋಡಿಕೊಳ್ಳಿ. ಪಾಸ್ ಸಿಗಲಿಲ್ಲ ಅಂತ ಪ್ರಯಾಣ ಬಿಡಬೇಡಿ. ಸುಳ್ಳೂರುಪೇಟೆ ಕಡೆಯ ಸರೋವರದ ದಂಡೆಯಲ್ಲಿ ನಿಂತರೂ ರಾಕೆಟ್ ಕಾಣುತ್ತದೆ. ಆಕಾಶ ತಿಳಿಯಾಗಿದ್ದರೆ ಚೆನ್ನೈನ ಮಾಳಿಗೆಗಳಿಂದಲೂ ಜನ ನೋಡುತ್ತಾರೆ.

ಯೂಟ್ಯೂಬ್‌ನಲ್ಲಿ ಲೈವ್ ಬರುತ್ತದಲ್ಲ, ಇಷ್ಟು ದೂರ ಯಾಕೆ ಹೋಗಬೇಕು ಅಂತ ನನ್ನನ್ನು ಕೇಳಿದವರು ಬಹಳ. ಉತ್ತರ ಸದ್ದಿನಲ್ಲಿದೆ. ಎಲ್‌ವಿಎಂ-3, ಅಂದರೆ ಚಂದ್ರಯಾನ-3 ಅನ್ನು ಹೊತ್ತೊಯ್ದ ರಾಕೆಟ್, 640 ಟನ್ ತೂಗುತ್ತದೆ. ನಮ್ಮ ನೆಹರು ಗಂಜ್‌ಗೆ ಬರುವ ಲೆಕ್ಕದಲ್ಲಿ ಹೇಳಬೇಕಾದರೆ, ತಲಾ ಹತ್ತು ಟನ್ ತೊಗರಿ ತುಂಬಿದ 64 ಲಾರಿಗಳ ಸರಕು. ಅಷ್ಟು ಭಾರ ನೆಲ ಬಿಟ್ಟು ನೆಟ್ಟಗೆ ಮೇಲೇಳುತ್ತದೆ. ಮೊದಲು ಬೆಳಕು ಮಾತ್ರ ಕಾಣುತ್ತದೆ. ಸದ್ದೇ ಇಲ್ಲ. ಪ್ರತಿ ಕಿಲೋಮೀಟರಿಗೆ ಮೂರು ಸೆಕೆಂಡಿನಂತೆ ಸದ್ದು ಹಿಂದೆ ಬೀಳುತ್ತದೆ. 20 ಕಿಲೋಮೀಟರ್ ದೂರದಲ್ಲಿ ನಿಂತಿದ್ದರೆ ಹತ್ತಿರ ಹತ್ತಿರ ಒಂದು ನಿಮಿಷ. ಆಮೇಲೆ ಅದು ಬರುತ್ತದೆ. ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಆ ತಗ್ಗಿನ ಗುಡುಗನ್ನು ಮೊಬೈಲಿನ ಮೈಕ್ ಹಿಡಿಯುವುದಿಲ್ಲ, ಮೊಬೈಲಿನ ಸ್ಪೀಕರ್ ಹೊರಡಿಸುವುದೂ ಇಲ್ಲ. ಶಬ್ದಕ್ಕಿಂತ ಬೆಳಕು ಬೇಗ ಅಂತ ಪುಸ್ತಕದಲ್ಲಿ ಓದಿದ ಮಗು ಅಲ್ಲಿ ನಿಂತು ಸೆಕೆಂಡ್ ಎಣಿಸಿ, ತನ್ನಿಂದ ರಾಕೆಟ್ ಎಷ್ಟು ದೂರ ಅಂತ ತಾನೇ ಲೆಕ್ಕ ಹಾಕಬಹುದು. ಇದು ಯಾವ ಮನೆಯಲ್ಲಿ ಕೂತು ಆಗುವ ಕೆಲಸ?

ಕಣ್ಣಿಗೆ ಕಾಣುವುದು ಕೆಲವೇ ನಿಮಿಷ. ಪಿಎಸ್‌ಎಲ್‌ವಿಯ ಮೊದಲ ಹಂತ ಉರಿದು ಮುಗಿಯಲು ಎರಡು ನಿಮಿಷವೂ ಬೇಡ. ಆ ಹೊತ್ತನ್ನು ವಿಡಿಯೋ ಮಾಡುತ್ತಾ ಕಳೆಯಬೇಡಿ, ದಯವಿಟ್ಟು. ಇಸ್ರೋದವರ ವಿಡಿಯೋ ನಿಮ್ಮದಕ್ಕಿಂತ ಚೆನ್ನಾಗಿ ಇದ್ದೇ ಇರುತ್ತದೆ. ರಾಕೆಟ್ ಮರೆಯಾದ ಮೇಲೆ ಎಲ್ಲ ಮುಗಿಯಿತು ಅಂತಲೂ ಅಲ್ಲ. 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61 ನೆಲದಿಂದ ಚೆನ್ನಾಗೇ ಎದ್ದಿತು, ಮೂರನೇ ಹಂತದಲ್ಲಿ ತೊಂದರೆಯಾಗಿ ಉಪಗ್ರಹ ಕೈತಪ್ಪಿತು. ಹಾಗಾಗಿ ಉಪಗ್ರಹ ಬೇರ್ಪಟ್ಟ ಸುದ್ದಿ ಬರುವವರೆಗೆ ಕೂತು ಕೇಳಿ.

ಬುತ್ತಿಯನ್ನೂ ತಡವಾಗಬಹುದು ಅನ್ನುವ ಲೆಕ್ಕದಲ್ಲೇ ಕಟ್ಟಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಎರಡು ದಿನ ಹೆಚ್ಚಾದರೂ ಕೆಡುವುದಿಲ್ಲ. ನೀರು, ಟೋಪಿ ಮರೆಯಬೇಡಿ. ನಮ್ಮ ಬಿಸಿಲು ಒಣ ಬಿಸಿಲು, ಅಲ್ಲಿಯದು ಸಮುದ್ರದ ಬಿಸಿಲು, ಬೆವರು ಜಾಸ್ತಿ.

ಈಗ ನಮ್ಮ ಭಾಗದ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಮಾತು. ಶಾಲಾ ಪ್ರವಾಸ ಅಂದರೆ ಪ್ರತಿ ವರ್ಷ ಅದೇ ವಿಜಯಪುರ, ಹಂಪಿ, ಮೈಸೂರು. ಅವೂ ಬೇಕು. ಆದರೆ ಒಂಬತ್ತನೇ ಕ್ಲಾಸಿನ ಇಪ್ಪತ್ತು ಮಕ್ಕಳನ್ನು ಒಂದು ಸಲ ಶ್ರೀಹರಿಕೋಟಾಗೆ ಯಾಕೆ ಕರೆದೊಯ್ಯಬಾರದು? ಹೊರಡುವ ಮೊದಲು ಇಲ್ಲೇ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರದಲ್ಲಿ ಅರ್ಧ ದಿನ ಕಳೆಯಿರಿ. ಮಕ್ಕಳ ಬಾಯಲ್ಲಿ ಪ್ರಶ್ನೆ ಹುಟ್ಟಲಿ, ಆಮೇಲೆ ರೈಲು ಹತ್ತಲಿ. ಒಂಬತ್ತನೇ ಕ್ಲಾಸೇ ಯಾಕೆ ಅಂದರೆ, ಇಸ್ರೋ 2019ರಲ್ಲಿ ಶುರು ಮಾಡಿದ ಯುವಿಕಾ ಅನ್ನುವ ಬಾಹ್ಯಾಕಾಶ ವಿಜ್ಞಾನ ಶಿಬಿರ ಆ ಕ್ಲಾಸಿನ ಮಕ್ಕಳಿಗಾಗಿಯೇ ಇದೆ. ಅದರ ಆಯ್ಕೆಯಲ್ಲಿ ಹಳ್ಳಿ ಶಾಲೆಯ ಮಕ್ಕಳಿಗೆ ಹೆಚ್ಚಿನ ಅಂಕವೂ ಉಂಟು. ಆಳಂದ, ಚಿತ್ತಾಪುರ, ಸುರಪುರ, ಔರಾದ್ ಕಡೆಯ ಎಷ್ಟು ಶಾಲೆಗಳಲ್ಲಿ ಈ ಅರ್ಜಿಯ ಸುದ್ದಿ ನೋಟಿಸ್ ಬೋರ್ಡಿಗೆ ಬರುತ್ತದೆ? ಮಗು ರಾಕೆಟ್ ನೋಡಿ ಬಂದ ವಾರವೇ ಆ ಅರ್ಜಿ ಅದರ ಕೈಯಲ್ಲಿದ್ದರೆ ಎಷ್ಟು ಚೆಂದ.

ಶಾಲೆಗಳು ಹಿಂಜರಿಯುವುದು ಯಾಕೆ ಅಂತ ನನಗೆ ಗೊತ್ತು. ಮಕ್ಕಳನ್ನು ಕರೆದೊಯ್ದು ಉಡಾವಣೆ ಆಗದಿದ್ದರೆ ಪಾಲಕರಿಗೆ ಏನು ಹೇಳುವುದು? ಅದನ್ನು ಹೊರಡುವ ಮೊದಲೇ ಹೇಳಿ. ಪಾಲಕರ ಸಭೆ ಕರೆಯಿರಿ, ಚಂದ್ರಯಾನ-2ರ ಕಥೆ ಹೇಳಿ, ರಾಕೆಟ್ ನಿಂತರೆ ನಾವೂ ನಿಲ್ಲುತ್ತೇವೆ, ಒಂದೆರಡು ದಿನ ತಡವಾಗಿ ಬರುತ್ತೇವೆ ಅನ್ನಿ. ಒಪ್ಪಿಗೆ ಪತ್ರದಲ್ಲಿ ಎರಡು ತಾರೀಖು ಬರೆಯಿರಿ: ಉಡಾವಣೆ ಸಮಯಕ್ಕೆ ಆದರೆ ಬರುವ ದಿನ, ಮುಂದಕ್ಕೆ ಹೋದರೆ ಬರುವ ದಿನ. ಟಿಕೆಟ್ ತೆಗೆಸುವುದು ಎರಡನೇ ತಾರೀಖಿಗೆ.