ಅನುಮಾನ ಬಂದ ಕೂಡಲೇ ನಿಲ್ಲಿ: ದೀರ್ಘ ಓರಿಯಂಟೀರಿಂಗ್ ಓಟದಲ್ಲಿ ದಾರಿ ತಪ್ಪುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಕೈಯಲ್ಲಿ ನಕ್ಷೆ, ಹೆಬ್ಬೆರಳಿಗೆ ಸಿಕ್ಕಿಸಿಕೊಂಡ ದಿಕ್ಸೂಚಿ, ಎದುರಿಗೆ ಹಿಂದೆಂದೂ ಕಾಲಿಡದ ಕಾಡು. ಆ ಕಾಡಿನಲ್ಲಿ ಅಲ್ಲಲ್ಲಿ ಇಟ್ಟಿರುವ ಕಿತ್ತಳೆ-ಬಿಳಿ ಬಣ್ಣದ ಗುರುತುಗಳನ್ನು, ಅಂದರೆ ನಾವು ಕಂಟ್ರೋಲ್ ಎಂದು ಕರೆಯುವ ತಾಣಗಳನ್ನು, ಹೇಳಿದ ಕ್ರಮದಲ್ಲಿಯೇ ಮುಟ್ಟಿ ಎಲ್ಲರಿಗಿಂತ ಬೇಗ ಕೊನೆ ಸೇರಬೇಕು. ನಡುವಿನ ದಾರಿಯನ್ನು ಆರಿಸಿಕೊಳ್ಳುವುದು ಓಟಗಾರನಿಗೇ ಬಿಟ್ಟದ್ದು. ಓರಿಯಂಟೀರಿಂಗ್ ಎಂದರೆ ಇಷ್ಟೇ. 1897ರಲ್ಲಿ ನಾರ್ವೆಯಲ್ಲಿ ಇದರ ಸಾರ್ವಜನಿಕ ಸ್ಪರ್ಧೆ ನಡೆದದ್ದು, ಮುಂದೆ ಸ್ವೀಡನ್ನಿನ ಅರ್ನ್ಸ್ಟ್ ಕಿಲ್ಲಾಂಡರ್ ಇದನ್ನು ಜನಪ್ರಿಯಗೊಳಿಸಿದ್ದು, 1961ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು, ಇವೆಲ್ಲ ಸ್ವಾರಸ್ಯಕರ ಸಂಗತಿಗಳೇ. ಆದರೆ ನನಗೆ ಕೊಟ್ಟಿರುವುದು ಕೆಲವೇ ನಿಮಿಷ, ಹೇಳಬೇಕೆಂದಿರುವುದು ಒಂದೇ ಮಾತು: ಅನುಮಾನ ಬಂದ ಕೂಡಲೇ ನಿಲ್ಲಿ.

ಹೊಸಬರು ನನ್ನನ್ನು ಕೇಳುವುದು ಯಾವ ಶೂ ಒಳ್ಳೆಯದು, ಯಾವ ದಿಕ್ಸೂಚಿ ಕೊಳ್ಳಬೇಕು ಎಂದು. ನಿಲ್ಲುವುದು ಹೇಗೆಂದು ಇದುವರೆಗೆ ಒಬ್ಬರೂ ಕೇಳಿಲ್ಲ. ದೀರ್ಘ ದೂರದ ಸ್ಪರ್ಧೆಯಲ್ಲಿ ಗೆಲ್ಲುವವರಿಗೇ ಒಂದೂಕಾಲು ಗಂಟೆಯಿಂದ ಒಂದೂವರೆ ಗಂಟೆಗೂ ಮೇಲೆ ಹಿಡಿಯುತ್ತದೆ. ಉಳಿದ ನಮ್ಮಂಥವರಿಗೆ ಅದರ ಎರಡರಷ್ಟಾದರೂ ಆಶ್ಚರ್ಯವಿಲ್ಲ. ಅಷ್ಟು ಹೊತ್ತು ಓಡುವಾಗ ಕಾಲಿಗಿಂತ ಮೊದಲು ದಣಿಯುವುದು ತಲೆ. ದಣಿದ ತಲೆಗೆ ನಿಲ್ಲುವುದು ಸೋಲಿನಂತೆ ಕಾಣುತ್ತದೆ, ಓಡುತ್ತಿರುವುದು ಕೆಲಸ ಸಾಗುತ್ತಿರುವಂತೆ ಕಾಣುತ್ತದೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ಆರನೆಯ ಕಂಟ್ರೋಲಿನಿಂದ ಏಳನೆಯದಕ್ಕೆ ನಕ್ಷೆಯ ಮೇಲೆ ಹನ್ನೆರಡು ಸೆಂಟಿಮೀಟರ್ ದೂರವಿತ್ತು. ದೀರ್ಘ ಸ್ಪರ್ಧೆಯ ನಕ್ಷೆ 1:15000 ಪ್ರಮಾಣದ್ದು. ಒಂದು ಸೆಂಟಿಮೀಟರಿಗೆ ನೂರೈವತ್ತು ಮೀಟರ್, ಅಂದರೆ ಒಟ್ಟು 1800 ಮೀಟರ್. ಉತ್ತರಕ್ಕೆ ಸಾಗುವ ಗುಡ್ಡದ ಏಣಿನ ಮೇಲೆ ಓಡಿ, ಒಂದು ಸಣ್ಣ ದಿಬ್ಬವನ್ನು ದಾಟಿದ ಮೇಲೆ, ಬಲಕ್ಕೆ ಇಳಿಯುವ ಎರಡನೆಯ ಕಣಿವೆಯನ್ನು ಹಿಡಿಯಬೇಕಿತ್ತು. ಆ ಕಣಿವೆಯಲ್ಲೊಂದು ಒಂಟಿ ಬಂಡೆ, ಬಂಡೆಯ ಬುಡದಲ್ಲಿ ಕಂಟ್ರೋಲ್. ನಾನು ದಿಬ್ಬವನ್ನು ದಾಟಿದೆನೋ ಇಲ್ಲವೋ ಎಂದು ನೋಡಲೇ ಇಲ್ಲ. ಬಲಗಡೆ ಕಣಿವೆಯೊಂದು ಕಂಡಿತು, ಇಳಿದುಬಿಟ್ಟೆ.

ಇಳಿಯುತ್ತಿರುವಾಗಲೇ ಕಣಿವೆ ಪೂರ್ವಕ್ಕೆ ಸಾಗುತ್ತಿದೆಯೆಂದು ದಿಕ್ಸೂಚಿಯ ಮುಳ್ಳು ತೋರಿಸಿತು. ನಕ್ಷೆಯ ಕಣಿವೆ ಈಶಾನ್ಯಕ್ಕೆ ಸಾಗಬೇಕು. ಈ ಬಂಡೆಗಳಲ್ಲಿ ಕಬ್ಬಿಣದ ಅದಿರಿರಬೇಕು, ಮುಳ್ಳು ಅದಕ್ಕೇ ಓಲಾಡುತ್ತಿದೆ ಎಂದುಕೊಂಡೆ. ಮುಂದೆ, ನಕ್ಷೆಯಲ್ಲಿಲ್ಲದ ಕಾಲುದಾರಿಯೊಂದು ಅಡ್ಡ ಬಂದಿತು. ಹೊಸದಾಗಿ ಸವೆದದ್ದಿರಬೇಕು ಎಂದುಕೊಂಡೆ. ಕೊನೆಗೆ ಬಂಡೆಯೂ ಸಿಕ್ಕಿತು. ಆದರೆ ಅಲ್ಲಿದ್ದದ್ದು ಒಂದಲ್ಲ, ಒಂದಕ್ಕೊಂದು ಒರಗಿ ನಿಂತ ಮೂರು ಬಂಡೆಗಳು. ನಕ್ಷೆ ಬರೆದವರು ಎರಡನ್ನು ಬಿಟ್ಟಿರಬೇಕು ಎಂದು, ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ನಿಜವಾಗಿಯೂ ನಂಬಿದೆ. ಮೂರೂ ಬಂಡೆಗಳ ಸುತ್ತ ನಾಲ್ಕು ಸುತ್ತು ಹಾಕಿದೆ. ಪೊದೆಯೊಳಕ್ಕೆ ಕೈ ಹಾಕಿ ನೋಡಿದೆ. ಕಂಟ್ರೋಲನ್ನು ಯಾರೋ ಕದ್ದಿದ್ದಾರೆ ಎಂಬ ತೀರ್ಮಾನಕ್ಕೂ ಬಂದೆ.

ಇದನ್ನು ನಾವು ಸಮಾನಾಂತರ ತಪ್ಪು ಎನ್ನುತ್ತೇವೆ. ಪಕ್ಕಪಕ್ಕದಲ್ಲಿ ಒಂದೇ ತೆರನಾದ ಎರಡು ಕಣಿವೆಗಳೋ ಎರಡು ಗುಡ್ಡಗಳೋ ಇರುವಾಗ ಒಂದರಲ್ಲಿ ನಿಂತು ಇನ್ನೊಂದರಲ್ಲಿದ್ದೇನೆಂದು ನಂಬುವುದು. ಹತ್ತು ಗುರುತುಗಳಲ್ಲಿ ಏಳು ಹೊಂದಿಕೊಳ್ಳುತ್ತವೆ, ಹೊಂದದ ಮೂರಕ್ಕೆ ನಾವೇ ಒಂದೊಂದು ಸಬೂಬು ಹುಟ್ಟಿಸುತ್ತೇವೆ. ಕೇಳುಗರು ಗಮನಿಸಬೇಕು: ಮುಳ್ಳು ಒಮ್ಮೆ, ಕಾಲುದಾರಿ ಒಮ್ಮೆ, ಬಂಡೆಗಳು ಒಮ್ಮೆ, ಹೀಗೆ ಮೂರು ಸಲ ನನಗೆ ಅನುಮಾನ ಬಂದಿತ್ತು. ಮೂರು ಸಲವೂ ನಾನು ನಿಲ್ಲಲಿಲ್ಲ.

ಅಷ್ಟರಲ್ಲಿ ಮರಗಳ ನಡುವಿನಿಂದ ಇನ್ನೊಬ್ಬ ಓಟಗಾರ ಬಹಳ ಭರವಸೆಯಿಂದ ಓಡಿ ಬಂದ. ನಕ್ಷೆಯನ್ನು ಮಡಚಿಕೊಂಡು ನಾನು ಅವನ ಬೆನ್ನು ಹತ್ತಿದೆ. ಐದು ನಿಮಿಷದ ನಂತರ ಅವನು ಮುಟ್ಟಿದ ಕಂಟ್ರೋಲಿನ ಮೇಲೆ ಬರೆದಿದ್ದ ಗುರುತಿನ ಸಂಖ್ಯೆ 52, ನನ್ನ ಏಳನೆಯ ಕಂಟ್ರೋಲಿನದು 57. ಅವನದು ಬೇರೆ ವಿಭಾಗ, ಬೇರೆಯೇ ಕೋರ್ಸು. ಆತ ಎಲ್ಲಿಯೂ ತಪ್ಪಿರಲಿಲ್ಲ. ಈಗ ನಾನು ಎಲ್ಲಿದ್ದೇನೆಂದು ಊಹಿಸುವುದಕ್ಕೂ ಆಧಾರವಿಲ್ಲದಂತಾಯಿತು. ಕಡೆಗೆ ನಿಂತೆ. ಉಸಿರು ಹತೋಟಿಗೆ ಬರುವವರೆಗೆ ನಿಂತು, ನಕ್ಷೆಯ ಉತ್ತರವನ್ನು ಮುಳ್ಳಿನ ಉತ್ತರಕ್ಕೆ ಹೊಂದಿಸಿ, ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗ ಯಾವುದೆಂದು ನನ್ನನ್ನೇ ಕೇಳಿಕೊಂಡೆ. ಗುಡ್ಡದ ಏಣು. ಮೇಲಕ್ಕೆ ಹತ್ತಿ ಏಣನ್ನು ಸೇರಿದೆ, ದಿಬ್ಬ ಸಿಕ್ಕಿತು, ಎರಡನೆಯ ಕಣಿವೆ ಸಿಕ್ಕಿತು, ಒಂಟಿ ಬಂಡೆಯ ಬುಡದಲ್ಲಿ 57 ತೂಗಾಡುತ್ತಿತ್ತು. ಹದಿನೆಂಟು ನಿಮಿಷದ ದಾರಿಗೆ ನಲವತ್ತೊಂದು ನಿಮಿಷ. ಮೂರು ಬಂಡೆಗಳನ್ನು ಕಂಡಾಗಲೇ ನಿಂತಿದ್ದರೆ ನಷ್ಟ ಆರೇಳು ನಿಮಿಷಕ್ಕೆ ಮುಗಿಯುತ್ತಿತ್ತು.

ಕಥೆ ಸ್ವಲ್ಪ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ದಿಕ್ಸೂಚಿಯ ನೇರಕ್ಕೆ ಓಡುವಾಗ ಬರಿಯ ಐದು ಡಿಗ್ರಿ ಓರೆಯಾದರೂ 500 ಮೀಟರಿನಲ್ಲಿ ಸುಮಾರು 44 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. ಆದ್ದರಿಂದ ಹಳ್ಳದ ದಂಡೆಯ ಕಂಟ್ರೋಲಿಗೆ ಹೋಗುವಾಗ ಬೇಕೆಂದೇ ಎಡಕ್ಕೆ ಗುರಿಯಿಡಿ, ಹಳ್ಳ ಸಿಕ್ಕಾಗ ಬಲಕ್ಕೆ ತಿರುಗಿದರಾಯಿತು. ಮುಟ್ಟುವ ಮೊದಲು ಕಂಟ್ರೋಲಿನ ಸಂಖ್ಯೆಯನ್ನು ಓದಿ, ಏಕೆಂದರೆ ತಪ್ಪು ಕಂಟ್ರೋಲನ್ನು ಮುಟ್ಟಿ ಸರಿಯಾದದ್ದನ್ನು ಬಿಟ್ಟರೆ ಇಡೀ ಓಟವೇ ಲೆಕ್ಕಕ್ಕಿಲ್ಲ. ತಲೆಕೆಳಗಾಗಿ ಓದಿದರೆ ಗೊಂದಲವಾಗುವ 68, 86ರಂಥ ಸಂಖ್ಯೆಗಳನ್ನು ನಿಯಮವೇ ದೂರವಿಟ್ಟಿದೆ. ನೋಡದೇ ಓಡುವವರನ್ನು ಕಾಯುವ ನಿಯಮ ಯಾವುದೂ ಇಲ್ಲ. ಒಂದು ದೊಡ್ಡ ತಪ್ಪಾದ ಮೇಲೆ ಕಳೆದ ಸಮಯವನ್ನು ಮುಂದಿನ ಕಂಟ್ರೋಲಿನಲ್ಲಿಯೇ ಗಳಿಸಲು ಹೋಗಬೇಡಿ. ಅಂದು ನಾನು ಹಾಗೆಯೇ ಹೋದೆ. ಏಳನೆಯದರಿಂದ ಹೊರಟವನು ಮುಳ್ಳನ್ನು ನೋಡದೆ, ಬಂದ ದಿಕ್ಕಿಗೇ ಇನ್ನೂರು ಮೀಟರ್ ಓಡಿ, ಅದೇ ಮೂರು ಬಂಡೆಗಳ ಎದುರಿಗೆ ಮತ್ತೆ ನಿಂತಿದ್ದೆ.

ಸಮಯ ಮುಗಿಯಿತೆಂದು ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಆಲಿಸಿದ್ದಕ್ಕೆ ವಂದನೆಗಳು. ನಮಸ್ಕಾರ.