ಹೈಸ್ಕೂಲಿನಲ್ಲಿ ಕಸುಬು: ಯಾರ ಮಕ್ಕಳಿಗೆ?

ವೇದಿಕೆಯ ಹಿರಿಯರೇ, ಕೊಪ್ಪಳ ಜಿಲ್ಲೆಯ ಮುಖ್ಯಗುರುಗಳೇ, ಶಿಕ್ಷಕ ಬಂಧುಗಳೇ, ಎಸ್‌ಡಿಎಂಸಿ ಸದಸ್ಯರೇ, ಪಾಲಕರೇ, ಎಲ್ಲರಿಗೂ ಶರಣು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಆ ವಾರ ಭತ್ತ ಹಚ್ಚಿದ ಯಾವ ರೈತನಿಗೂ ನಿದ್ದೆ ಇರಲಿಲ್ಲ. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಹೆಸರು ಮನೆಮನೆಗೂ ಗೊತ್ತಾಯಿತು, ಗೊತ್ತಾಗಲೇಬೇಕಿತ್ತು. ಆದರೆ ಗೇಟಿನ ಜಾಗದಲ್ಲಿ ನೀರು ತಡೆಯಲು ಇಳಿಸುವ ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನು ಹೊಸಪೇಟೆ, ತೋರಣಗಲ್ ಕಡೆ ಹಗಲು ರಾತ್ರಿ ವೆಲ್ಡಿಂಗ್ ಮಾಡಿ ಕೊಟ್ಟವರು ಯಾರು? ಭೋರ್ಗರೆಯುವ ನೀರಿನ ಮೇಲೆ ಕ್ರೇನಿನಿಂದ ಅವನ್ನು ಇಳಿಸಿದವರು ಯಾರು? ಅಂಥ ಒಬ್ಬ ವೆಲ್ಡರ್ ನಮ್ಮ ಶಾಲೆಯಿಂದ ಬರಲಿ ಅಂತ ಇಲ್ಲಿ ಕೂತವರಲ್ಲಿ ಎಷ್ಟು ಜನ ಆಸೆಪಟ್ಟಿದ್ದೀವಿ?

ಕೌಶಲ ಅರ್ಹತೆಯ ರಾಷ್ಟ್ರೀಯ ಚೌಕಟ್ಟು, ಅಂದರೆ ಎನ್‌ಎಸ್‌ಕ್ಯೂಎಫ್, ಬಂದದ್ದು 2013ರಲ್ಲಿ. ಈಗ ಸಮಗ್ರ ಶಿಕ್ಷಣ ಯೋಜನೆಯಡಿ ಆಯ್ದ ಸರ್ಕಾರಿ ಹೈಸ್ಕೂಲುಗಳಲ್ಲಿ ಒಂಬತ್ತನೇ ತರಗತಿಯಿಂದ ಆಟೊಮೊಬೈಲ್, ಐಟಿ, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್‌ನಂಥ ಕಸುಬಿನ ವಿಷಯಗಳಿವೆ. ಎಸ್‌ಎಸ್‌ಎಲ್‌ಸಿಯಲ್ಲಿ ತೃತೀಯ ಭಾಷೆಯ ಬದಲು ಇದನ್ನೇ ಬರೆಯಬಹುದು. ಒಳ್ಳೆಯ ಅನುಕೂಲ. ಆದರೆ ರೋಗ ಶುರುವಾಗುವುದೂ ಇಲ್ಲೇ. ಹಿಂದಿಯಲ್ಲಿ ಪಾಸಾಗುವುದಿಲ್ಲ ಅನ್ನಿಸಿದ ಹುಡುಗನನ್ನು ಅತ್ತ ದೂಡುವುದು, ಚುರುಕಿನವನನ್ನು ಇತ್ತ ಇಟ್ಟುಕೊಳ್ಳುವುದು. ಹೀಗೆ ಮಾಡಿದರೆ ಕಸುಬಿನ ತರಗತಿ ಅಂದರೆ ದಡ್ಡರ ಕೋಣೆ ಅಂತ ಊರೆಲ್ಲ ತಿಳಿಯುತ್ತದೆ.

ಪಾಲಕರು ಹಿಂಜರಿಯುವುದಕ್ಕೆ ಇನ್ನೂ ಆಳದ ಕಾರಣ ಇದೆ. "ನಾವು ಪಟ್ಟಿದ್ದು ಸಾಕ್ರಿ ಸರ, ಮಗ ನೆರಳಾಗ ಕುಂತು ದುಡೀಲಿ" ಅನ್ನುತ್ತಾರೆ. ನಾನು ಇದನ್ನು ತಿಳಿಗೇಡಿತನ ಅಂತ ಒಪ್ಪುವುದಿಲ್ಲ. ನಮ್ಮಲ್ಲಿ ಕಸುಬು ಜಾತಿಯ ಜೊತೆಗೇ ಬಂತು, ಬಿಡಬೇಕೆಂದರೂ ಬಿಡಲಿಲ್ಲ. ವಚನಕಾರ ಆಯ್ದಕ್ಕಿ ಮಾರಯ್ಯ ನಮ್ಮ ಪಕ್ಕದ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಅವರ 'ಕಾಯಕವೇ ಕೈಲಾಸ' ಅನ್ನುವ ಮಾತನ್ನು ಎಲ್ಲ ಸಭೆಯಲ್ಲೂ ಹೇಳುತ್ತೇವೆ, ನಮ್ಮ ಮಕ್ಕಳನ್ನು ಮಾತ್ರ ನೀಟ್ ಕೋಚಿಂಗಿಗೆ ಕಳಿಸುತ್ತೇವೆ. ಪಾಲಕರಿಗೆ ಇದು ಕಾಣುವುದಿಲ್ಲವೇ?

ನಮ್ಮ ಜಿಲ್ಲೆಯ ಕಿನ್ನಾಳದ ಗೊಂಬೆ ಕಲೆಯನ್ನೇ ನೋಡಿ. ಹಗುರ ಮರ, ಹುಣಸೆಬೀಜದ ಅಂಟು, ಬಣ್ಣ, ಇವುಗಳಲ್ಲಿ ಚಿತ್ರಗಾರ ಮನೆತನಗಳು ಉಳಿಸಿಕೊಂಡು ಬಂದ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಬೇರೆ ಓಣಿಯ ಹುಡುಗಿಗೂ ಆ ಉಳಿ ಹಿಡಿಯುವ ಅವಕಾಶ ಬೇಕು, ಚಿತ್ರಗಾರರ ಮಗನಿಗೆ ಮನಸ್ಸಿದ್ದರೆ ಮೋಟಾರ್ ವೈಂಡಿಂಗ್ ಕಲಿಯುವ ದಾರಿಯೂ ಬೇಕು. ಶಾಲೆ ಕೊಡುವ ತರಬೇತಿಗೂ ಕುಲಕಸುಬಿಗೂ ಇರಬೇಕಾದ ವ್ಯತ್ಯಾಸ ಇದೇ: ಆಯ್ಕೆ ಮಗುವಿನದು.

ಆಯ್ಕೆ ಇರಬೇಕಾದರೆ ವಿಷಯಗಳು ಊರಿಗೆ ಹೊಂದಬೇಕು. ಗಂಗಾವತಿ, ಕಾರಟಗಿಯ ರೈಸ್‌ಮಿಲ್ಲುಗಳಲ್ಲಿ ಅಕ್ಕಿಯ ಬಣ್ಣ ನೋಡಿ ಬೇರೆ ಮಾಡುವ ಸಾರ್ಟೆಕ್ಸ್ ಯಂತ್ರಗಳಿವೆ. ಗಿಣಿಗೇರಿ ಸುತ್ತ ಕಬ್ಬಿಣದ ಕಾರ್ಖಾನೆಗಳು, ಭಾನಾಪುರದಲ್ಲಿ ಆಟಿಕೆ ಕಾರ್ಖಾನೆ, ಬಳ್ಳಾರಿಯಲ್ಲಿ ಜೀನ್ಸ್ ಘಟಕಗಳು. ಈ ಕಾರ್ಖಾನೆಗಳ ಒಳಗೆ ನಮ್ಮ ಹುಡುಗರು ಹೋಗುವುದು ಬರೀ ಲೋಡಿಂಗಿಗೇ ಆದರೆ, ಉಳಿದವರು ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋಗುವುದೇ ಆದರೆ, ರಿಟೇಲ್ ಪಾಠದಿಂದ ಏನು ಬಂತು?

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಅಂದಕೂಡಲೇ ನಮಗೆ ಮೆಡಿಕಲ್ ಸೀಟು, ಸರ್ಕಾರಿ ನೌಕರಿ ನೆನಪಾಗುತ್ತವೆ. ಆ ವಿಧಿಯನ್ನು ಒಮ್ಮೆ ಓದಿ. ವೃತ್ತಿ ತರಬೇತಿ ಸಂಸ್ಥೆಗಳಲ್ಲೂ ಈ ಭಾಗದವರಿಗೆ ಸೀಟು ಮೀಸಲಿಡಬಹುದು ಅಂತ ಸಂವಿಧಾನವೇ ಹೇಳುತ್ತದೆ. ಅದನ್ನು ಕೇಳುವವರು ಕಡಿಮೆ.

ಪಾಲಕರಿಗೆ ಇನ್ನೊಂದು ಮಾತು. ಐಟಿಐಗೆ ಹೋದರೆ ಓದು ಮುಗಿಯಿತು ಅಂತಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಬಿಇ ಎರಡನೇ ವರ್ಷಕ್ಕೆ ನೇರ ಸೇರಬಹುದು. ದಾರಿ ಸುತ್ತು, ಆದರೆ ಮುಚ್ಚಿಲ್ಲ.

ಕಲಿಸುವ ಹೆಸರಿನಲ್ಲಿ ದುಡಿಸಿಕೊಳ್ಳುವವರೂ ಇದ್ದಾರೆ, ಎಚ್ಚರ. 14 ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರ ಒಳಗಿನವರನ್ನು ಗಣಿಯಂಥ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. 2016ರ ತಿದ್ದುಪಡಿಯ ನಂತರ ಕಾನೂನು ಸ್ಪಷ್ಟವಾಗಿದೆ. ಕಾರ್ಖಾನೆಗೆ ಕರೆದೊಯ್ದ ಹುಡುಗನ ಕೈಯಲ್ಲಿ ದಿನವಿಡೀ ಕಸಬರಿಗೆಯೇ ಇದ್ದರೆ ಅದು ತರಬೇತಿಯಲ್ಲ, ಅವನನ್ನು ವಾಪಸ್ ಕರೆದುಕೊಂಡು ಬನ್ನಿ.

ಮುಖ್ಯಗುರುಗಳಲ್ಲಿ ನನ್ನದು ಸಣ್ಣ ಬೇಡಿಕೆ. ಎಂಟನೇ ತರಗತಿ ಮುಗಿಯುವ ಮೊದಲು ಮಕ್ಕಳನ್ನೂ ಪಾಲಕರನ್ನೂ ಒಟ್ಟಿಗೆ ಒಂದು ರೈಸ್‌ಮಿಲ್ಲು, ಒಂದು ಐಟಿಐ ತೋರಿಸಿ. ಹುಡುಗಿಯರಿಗೆ ಬ್ಯೂಟಿ, ಹುಡುಗರಿಗೆ ಆಟೊಮೊಬೈಲ್ ಅಂತ ಆಫೀಸಿನಲ್ಲೇ ಪಟ್ಟಿ ಮಾಡಬೇಡಿ. ಶಾಲೆಗೆ ಬಂದ ಉಪಕರಣಗಳು ಬೀರುವಿನಲ್ಲಿದ್ದರೆ ಹೊರಗೆ ತೆಗೆಸಿ. ಕಳೆದರೆ ಲೆಕ್ಕ ಕೊಡಬೇಕಾಗುತ್ತದೆ ಅನ್ನುವ ನಿಮ್ಮ ಅಂಜಿಕೆ ನನಗೂ ಗೊತ್ತು. ಒಂದು ಸ್ಪ್ಯಾನರ್ ಕಳೆದದ್ದಕ್ಕೆ ನೋಟಿಸ್ ಕೊಡುವುದಿಲ್ಲ ಅಂತ ಇಲಾಖೆಯ ಅಧಿಕಾರಿಗಳು ಇದೇ ವೇದಿಕೆಯಲ್ಲಿ ಹೇಳಿದರೆ ಒಳ್ಳೆಯದು. ಅದಕ್ಕೇ ಮೈಕನ್ನು ಈಗ ಅವರ ಕೈಗೆ ಕೊಡುತ್ತಿದ್ದೇನೆ.